ಬಾಲದ ಮೂಳೆ

ದೇಹದ ಅವಯವಗಳಲ್ಲಿಯೂ ಮೇಲು ಕೀಳೆಂಬ ಭೇದವನ್ನು ನಾವು ಕಲ್ಪಿಸಿಕೊಂಡಿದ್ದೇವೆ. ಕಣ್ಣನ್ನು ತಾವರೆಗೂ, ತೋಳನ್ನು ಆನೆಯ ಸೊಂಡಿಲಿಗೂ, ನಡುವನ್ನು ಸಿಂಹದ ನಡುವಿಗೂ ಹೋಲಿಸಿ ಕವಿಗಳು ದಣಿದರು. ಪಾದಕ್ಕೆ ಪೂಜೆಯುಂಟು, ಶಿರಸ್ಸಿಗೆ ಕಿರೀಟವುಂಟು, ಬೆನ್ನಿಗೂ ಹಿರಿಯರ ಕೈಯಿಂದ ತಟ್ಟಿಸಿಕೊಳ್ಳುವ ಭಾಗ್ಯವುಂಟು. ಆ ಬೆನ್ನೇ ಇಳಿದಿಳಿದು ಮುಗಿಯುವೆಡೆಯಲ್ಲಿ, ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ತುಸು ಉದ್ದವಾದ, ಒಳಮುಖವಾಗಿ ಬಾಗಿದ ಒಂದು ಮೂಳೆಯಿರುವುದು. ಅದನ್ನು ಕುರಿತು ಯಾವ ಕವಿಯಾದರೂ ಬಾಯ್ದೆರೆದುದನ್ನು ನಾನು ಕಾಣೆ. ಸಭ್ಯರ ಸಂಭಾಷಣೆಯಲ್ಲಿ ಅದಕ್ಕೆ ಎಡೆಯಿಲ್ಲ. ಪೆಟ್ಟು ಬೀಳುವ ದಿನದವರೆಗೆ ಅದು ತಮ್ಮಲ್ಲಿದೆಯೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಹೆಸರಿನಲ್ಲಿಯೂ ಅದು ಗೌರವವನ್ನು ಪಡೆದುದಲ್ಲ. ಕನ್ನಡದಲ್ಲಿ ಬಾಲದ ಮೂಳೆ; ನೆರೆಯ ಮರಾಠಿಗರು ಒಂದು ಹೆಜ್ಜೆ ಮುಂದೆ ಹೋಗಿ 'ಮಾಕಡಹಾಡ', ಎಂದರೆ ಮಂಗನ ಮೂಳೆ, ಎಂದುಬಿಟ್ಟರು. ಗ್ರೀಕರು ಮಾತ್ರ ರಸಿಕರು. ಬಾಗಿದ ಅದರ ಆಕಾರದಲ್ಲಿ ಅವರಿಗೆ ತಮ್ಮ ನಾಡಿನ ಕೋಗಿಲೆಯ ಕೊಕ್ಕು ಕಂಡಿತು. ಆ ಹಕ್ಕಿಗೆ ಅವರ ಭಾಷೆಯಲ್ಲಿ 'ಕೊಕ್ಕುಕ್ಸ್' ಎಂದು ಹೆಸರು. ಇಂದಿನ ವೈದ್ಯರು ಬಳಸುವ 'ಕಾಕ್ಸಿಕ್ಸ್' ಎಂಬ ಶಬ್ದ ಅಲ್ಲಿಂದ ಬಂದುದು. ನಮ್ಮ 'ಕೋಕಿಲ'ದಂತೆಯೇ ಅದೂ ಹಕ್ಕಿಯ ಕೂಗಿನ ಅನುಕರಣೆಯಿಂದ ಹುಟ್ಟಿದ ಮಾತು. ಕೋಗಿಲೆಯನ್ನು ಮಾವಿನ ಚಿಗುರಿನಲ್ಲಿ ಮಾತ್ರ ಬಲ್ಲ ನಮಗೆ, ಅದು ಕುಳಿತಿರುವ ಈ ಮತ್ತೊಂದು ತಾಣದ ಸುದ್ದಿ ಸ್ವಲ್ಪ ವಿಸ್ಮಯವನ್ನೇ ಉಂಟುಮಾಡುವುದು. ಪಶ್ಚಿಮದ ಮತಗಳು ಇದಕ್ಕಿಂತಲೂ ದೊಡ್ಡ ಗೌರವವನ್ನು ಅದಕ್ಕೆ ಸಲ್ಲಿಸಿರುವುವು. ಯೆಹೂದ್ಯರ ಪ್ರಾಚೀನ ವ್ಯಾಖ್ಯಾನಗಳಲ್ಲಿ 'ಲೂಜ್' ಎಂಬ ಅಸ್ಥಿಯೊಂದರ ಮಾತು ಬರುವುದು. ಅದು ನೀರಿನಲ್ಲಿ ನೆನೆಯದು, ಬೆಂಕಿಯಲ್ಲಿ ಬೇಯದು, ಬೀಸುವ ಕಲ್ಲಿನಲ್ಲಿ ಪುಡಿಯಾಗದು. ಲೋಕಾಂತ್ಯದ ದಿನ ದೇಹವು ಅದರಿಂದಲೇ ಮರಳಿ ಚಿಗುರುವುದು. ಆ ಲೂಜ್ ಬೆನ್ನಿನ ಕೊನೆಯ ಈ ಮೂಳೆಯೇ ಎಂದು ಅನೇಕರು ಎಣಿಸಿದರು. ಮುಸಲ್ಮಾನರ ಹದೀಸುಗಳಲ್ಲಿಯೂ, ಮಾನವನ ದೇಹವೆಲ್ಲ ಮಣ್ಣಾದರೂ ಬಾಲದ ಬುಡದ ಎಲುಬು ಮಾತ್ರ ಉಳಿಯುವುದೆಂದೂ ಪುನಃಸೃಷ್ಟಿ ಅದರಿಂದಲೆಂದೂ ಹೇಳಿದೆ. ನಮ್ಮ ಯೋಗಿಗಳು ಕುಂಡಲಿನಿಯನ್ನು ಮಲಗಿಸಿರುವ ಮೂಲಾಧಾರವೂ ಈ ನೆರೆಹೊರೆಯದೇ. ನೆಲಕ್ಕೆ ಕುಕ್ಕರಿಸಿ ಬಿದ್ದವನಿಗೆ ಈ ಕುಂಡಲಿನಿ ಒಂದು ಕ್ಷಣ ಎಚ್ಚೆತ್ತಂತೆಯೇ ಆಗುವುದು. ಆದರೆ ಅದು ಸಹಸ್ರಾರಕ್ಕೆ ಏರಿದಾಗ ಕಾಣಬೇಕಾದ ಪರಮಾನಂದವು ಮಾತ್ರ ಕಾಣುವುದಿಲ್ಲ.

ನಮಗೆ ಬಾಲವಿಲ್ಲದಿದ್ದರೂ ಬಾಲದ ಮೂಳೆ ಏಕೆ ಎಂಬ ಪ್ರಶ್ನೆಗೆ ಡಾರ್ವಿನ್ ಪಂಡಿತನು 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಉತ್ತರವಿದೆ: ಅದು ಹಿಂದೆ ಇದ್ದುದರ ಅವಶೇಷ. ತಾಯಿಯ ಗರ್ಭದಲ್ಲಿ ಐದನೆಯ ವಾರದ ಸುಮಾರಿಗೆ ನಮಗೆಲ್ಲರಿಗೂ ಒಂದು ಪುಟ್ಟ ಬಾಲವಿದ್ದಿತು. ಎಂಟನೆಯ ವಾರ ಮುಗಿಯುವುದರೊಳಗೆ ಅದು ಅಡಗಿಹೋಯಿತು. ವಾನರಕುಲದಲ್ಲಿ ನಮ್ಮ ಶಾಖೆಯವರು ಬಾಲವನ್ನು ಕಳೆದುಕೊಂಡದ್ದು ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಎಂದು ಹೇಳುವರು. ಒಂದು ಜೀನಿನ ನಡುವೆ ಸೇರಿಕೊಂಡ ಒಂದು ಸಣ್ಣ ತುಣುಕು ಇದಕ್ಕೆ ಕಾರಣವಾಗಿರಬಹುದೆಂದು 2024ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಬೆನ್ನಿನ ಮೂವತ್ತಮೂರು ಕಶೇರುಗಳಲ್ಲಿ ಕಡೆಯ ನಾಲ್ಕು, ಕೆಲವರಲ್ಲಿ ಮೂರು ಅಥವಾ ಐದು, ಕೂಡಿಕೊಂಡು ಈ ಮೂಳೆಯಾಗಿರುವುದು. ಗಂಧಮಾದನದ ದಾರಿಯಲ್ಲಿ ಮುದಿಕೋತಿಯೊಂದರ ಬಾಲವನ್ನು ಎತ್ತಲಾರದೆ ಬೆವೆತುನಿಂತ ಭೀಮಸೇನನಿಗೂ, ಇಲ್ಲದ ಬಾಲದ ಬುಡದಿಂದ ನೆಲ ಬಿಟ್ಟೇಳಲಾರದ ನಮ್ಮಂಥವರಿಗೂ ಹೋಲಿಕೆ ಸಲ್ಲದಾದರೂ, ಬಾಲವು ಹಗುರವಾದ ವಸ್ತುವಲ್ಲವೆಂಬುದನ್ನು ಇಬ್ಬರೂ ಕಂಡುಕೊಂಡಿದ್ದೇವೆ.

ನಾನು ಅದನ್ನು ಕಂಡುಕೊಂಡದ್ದು 2016ರ ಆಷಾಢದಲ್ಲಿ. ಮಲೆನಾಡಿನ ಮಳೆಯ ವಿಷಯವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಣದ ಹಿತ್ತಲಿನ ಕಲ್ಲುಹಾಸು, ಅದರ ಮೇಲೆ ಪಚ್ಚೆಯ ಜಮಖಾನದಂಥ ಪಾಚಿ. ನಸುಕಿನಲ್ಲಿ ಬಚ್ಚಲ ಕಡೆಗೆ ಹೊರಟವನ ಕಾಲುಗಳು ಇದ್ದಕ್ಕಿದ್ದಂತೆ ಮುಂದೆ ಹೋದುವು. ಉಳಿದ ದೇಹವು ಅವುಗಳನ್ನು ಹಿಂಬಾಲಿಸದೆ ನೆಟ್ಟಗೆ ಕೆಳಗಿಳಿಯಿತು. ಆ ಕ್ಷಣದ ನೋವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕಣ್ಣಿಗೆ ಕತ್ತಲೆ ಕವಿಯಿತು, ಹೊಟ್ಟೆ ತೊಳಸಿತು, ಬೆನ್ನಿನ ಕೆಳಗಿನಿಂದ ನೆತ್ತಿಯವರೆಗೆ ಒಂದು ಮಿಂಚು ಹರಿಯಿತು. ಸದ್ದು ಕೇಳಿ ಓಡಿಬಂದ ಮನೆಯವರು ಮೊದಲು ಗಾಬರಿಗೊಂಡರು. ಕೈಕಾಲುಗಳು ನೆಟ್ಟಗಿರುವುದನ್ನು ಕಂಡು ಆಮೇಲೆ ನಕ್ಕರು.

ಈ ನಗೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಕೈ ಮುರಿದುಕೊಂಡವನನ್ನು ಕಂಡು ಯಾರೂ ನಗುವುದಿಲ್ಲ. ಹಲ್ಲುನೋವಿನವನಿಗೂ ಸ್ವಲ್ಪ ಸಹಾನುಭೂತಿ ದೊರೆಯುವುದು. ಆದರೆ ಕುಂಡೆಯೂರಿ ಬಿದ್ದವನು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ವಿದೂಷಕನೇ. ಯಕ್ಷಗಾನದ ಹಾಸ್ಯಗಾರನು ಬಿದ್ದು ನಗಿಸುತ್ತಾನೆ, ಮೂಕಚಿತ್ರಗಳ ಚಾಪ್ಲಿನ್ನನು ಬಿದ್ದು ನಗಿಸಿದನು. ಶಾಲೆಯ ಹುಡುಗರು ಸಹಪಾಠಿಯ ಕುರ್ಚಿಯನ್ನು ಹಿಂದಕ್ಕೆಳೆದು ಅವನು ಬೀಳುವುದನ್ನು ಕಂಡು ಕೇಕೆ ಹಾಕುವುದನ್ನು ಅಧ್ಯಾಪಕನಾಗಿ ನಾನು ಅನೇಕ ವೇಳೆ ತಡೆದಿದ್ದೇನೆ. ಅದು ವಿನೋದವೆಂದು ಅವರ ಭಾವನೆ. ವೈದ್ಯರ ಪುಸ್ತಕಗಳಲ್ಲಾದರೋ ಅದೊಂದು ರೋಗಕಾರಣ. ನೋವು ನಗೆಗೀಡಾದರೆ ನೊಂದವನೂ ನಕ್ಕು ಸುಮ್ಮನಾಗಬೇಕಾಗುವುದು. ಮಾರನೆಯ ದಿನ 'ಹೇಗಿದೆ?' ಎಂದು ಕೇಳಿದವರಿಗೆ ಎಲ್ಲಿ ನೋವೆಂದು ಬೆರಳಿಟ್ಟು ತೋರಿಸುವ ಹಾಗೂ ಇಲ್ಲ.

ವೈದ್ಯರ ಬಳಿಗೆ ಹೋಗುವಾಗ ನನ್ನ ಮನಸ್ಸಿನಲ್ಲಿದ್ದುದು ಒಂದೇ ಭಯ: ಬೆನ್ನುಹುರಿಗೆ ಏನಾದರೂ ಆಗಿರುವುದೋ, ನಾಳೆ ಕಾಲುಗಳು ಸೋತುಹೋಗುವುವೋ ಎಂಬುದು. ಈ ಭಯವು ಬಿದ್ದವರೆಲ್ಲರಿಗೂ ಸಾಮಾನ್ಯವೆಂದು ಆ ವೈದ್ಯರು ಹೇಳಿದರು. ವಯಸ್ಕರಲ್ಲಿ ಬೆನ್ನುಹುರಿಯು ಬೆನ್ನಿನ ಕೊನೆಯವರೆಗೆ ಇಳಿಯುವುದೇ ಇಲ್ಲ. ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಬಳಿಯಲ್ಲಿಯೇ ಅದು ಮುಗಿದುಹೋಗುವುದು. ಅಲ್ಲಿಂದ ಕೆಳಗೆ ಇಳಿಯುವುದು ನರಗಳ ಒಂದು ಗೊಂಚಲು; ನೋಡಲು ಕುದುರೆಯ ಬಾಲದಂತಿರುವುದರಿಂದ ಶರೀರಶಾಸ್ತ್ರಜ್ಞರು ಅದಕ್ಕೆ ಆ ಹೆಸರನ್ನೇ ಇಟ್ಟರು. ಬಾಲದ ಮೂಳೆಯವರೆಗೆ ತಲಪುವ ಒಂದು ಎಳೆಯುಂಟು. ಅದು ಹುರಿಯನ್ನು ಕೆಳಗೆ ಕಟ್ಟಿ ನಿಲ್ಲಿಸುವ ದಾರವೇ ಹೊರತು ಕಾಲನ್ನಾಡಿಸುವ ನರವಲ್ಲ. ಆದುದರಿಂದ ಈ ಮೂಳೆಯೊಂದೇ ಮುರಿದರೆ ಕಾಲುಗಳು ಸೋಲುವುದಿಲ್ಲ. ಅಡಿಕೆಮರದ ಮೇಲಿಂದ ಬಿದ್ದವನ ಕಥೆಯೇ ಬೇರೆ. ಅಷ್ಟು ಎತ್ತರದಿಂದ ಕುಳಿತಂತೆ ಬಿದ್ದಾಗ ಪೆಟ್ಟು ಮೇಲಕ್ಕೇರಿ ಎದೆ ಸೊಂಟಗಳ ಬೆನ್ನೆಲುಬು ಸೇರುವೆಡೆಯಲ್ಲಿ ಕಶೇರು ಜಜ್ಜಿಹೋಗಬಹುದು. ಅಂಥವನನ್ನು ತೋಳು ಹಿಡಿದು ಎಬ್ಬಿಸಿ ಕೂರಿಸದೆ, ಮೈ ಬಾಗದಂತೆ ಹಲಗೆಯ ಮೇಲೆ ಮಲಗಿಸಿಯೇ ಒಯ್ಯಬೇಕು. ಬಿದ್ದ ಮೇಲೆ ಕಾಲಿನಲ್ಲಿ ಬಲ ಕುಂದಿದರೆ, ತೊಡೆಯ ಸಂದು ಮರಗಟ್ಟಿದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ ಅದು ಬಾಲದ ಮೂಳೆಯ ಮಾತಲ್ಲ. ಆ ಹೊತ್ತಿಗೇ ಆಸ್ಪತ್ರೆಗೆ ಓಡಬೇಕು.

ಇಷ್ಟು ಕೇಳಿ ನನಗೆ ಧೈರ್ಯ ಬಂದಿತು. ಹಾಗಾದರೆ ಇದೊಂದು ಕೆಲಸಕ್ಕೆ ಬಾರದ ಮೂಳೆ, ಇದ್ದರೂ ಒಂದೇ, ಹೋದರೂ ಒಂದೇ ಅಲ್ಲವೇ ಎಂದೆ. ವೈದ್ಯರು ನಕ್ಕು, ಕೆಲಸವಿಲ್ಲದ ಮೂಳೆಯಲ್ಲ, ಕೆಲಸ ಕಾಣಿಸದ ಮೂಳೆ ಎಂದರು. ಅವರು ಕಾಗದದ ಮೇಲೆ ಗೀಚಿ ತೋರಿಸಿದುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾವು ಕುಳಿತಾಗ ನಮ್ಮ ಭಾರವನ್ನು ಹೊರುವುದು ಮುಖ್ಯವಾಗಿ ಎರಡು ಪೃಷ್ಠಗಳ ಒಳಗಿರುವ ಎರಡು ಗಟ್ಟಿ ಎಲುಬುಗಳು. ಹಿಂದಕ್ಕೆ ಒರಗಿದೊಡನೆ ಮೂರನೆಯದಾಗಿ ಬಾಲದ ಮೂಳೆಯೂ ನೆಲಕ್ಕೆ ತಾಗುವುದು. ಅಡುಗೆಯ ಒಲೆಗೆ ಮೂರು ಗುಂಡುಗಳಿದ್ದ ಹಾಗೆ. ನಿಂತವನು ಕುಳಿತಾಗ ಅದು ಸ್ವಲ್ಪ ಬಾಗಿ ಜಾಗ ಕೊಡುವುದು, ಎದ್ದಾಗ ಮೊದಲಿನಂತಾಗುವುದು. ಪೆಟ್ಟು ಬಿದ್ದಾಗ ಆ ಕೀಲು ಸಡಿಲಗೊಂಡು ಅತಿಯಾಗಿ ಬಾಗಬಹುದು. ಇಲ್ಲವೆ ಸ್ಥಳ ತಪ್ಪಿ ಹಿಂದಕ್ಕೆ ಚಾಚಿಕೊಳ್ಳಬಹುದು. ಅದರ ಸುತ್ತಲೂ ಕಟ್ಟಿರುವ ಸ್ನಾಯುಗಳಾದರೋ ಅಲ್ಪವಲ್ಲ. ಪೃಷ್ಠದ ದೊಡ್ಡ ಸ್ನಾಯುವಿನ ಕೆಲವು ಎಳೆಗಳು ಅಲ್ಲಿಂದ ಹೊರಡುವುವು. ಹೊಟ್ಟೆಯೊಳಗಣ ಅಂಗಗಳನ್ನು ಕೆಳಗಿನಿಂದ ತೊಟ್ಟಿಲಂತೆ ಹೊತ್ತಿರುವ ಸ್ನಾಯುಗಳ ಹಿಂದಿನ ಗೂಟವೂ ಅದೇ. ಗೂಟಕ್ಕೆ ನೋವಾದರೆ ತೊಟ್ಟಿಲು ಬಿಗಿದುಕೊಳ್ಳುವುದು. ಬಿಗಿದುಕೊಂಡ ಸ್ನಾಯುವು ನೊಂದ ಮೂಳೆಯನ್ನು ಮತ್ತೂ ಎಳೆಯುವುದು. ಕುಳಿತವನು ಏಳುವ ಗಳಿಗೆಯಲ್ಲಿ ನೋವು ಚುಚ್ಚಿಕೊಳ್ಳುವುದೂ, ಬಹಿರ್ದೆಸೆಗೆ ಹೋಗುವುದು ಶಿಕ್ಷೆಯಾಗುವುದೂ ಇದರಿಂದಲೇ.

ಆ ಬಳಿಕ ದೇಹವು ಹೂಡುವ ಉಪಾಯಗಳು ಮೂಳೆಯ ನೋವಿಗಿಂತ ಹೆಚ್ಚು ವಿಚಿತ್ರವಾದುವು. ಒಂದು ವಾರದಲ್ಲಿ ನಾನು ಯಾರೂ ಕಲಿಸದೆಯೇ ಒಂದು ಮಗ್ಗುಲ ಮೇಲೆ ಕುಳಿತುಕೊಳ್ಳುವುದನ್ನು ಕಲಿತೆ. ಎಡ ಪೃಷ್ಠವು ನೆಲ ಬಿಟ್ಟಿತು, ಸೊಂಟವು ಓರೆಯಾಯಿತು. ಓರೆಯಾದ ಅಡಿಪಾಯದ ಮೇಲೆ ಬೆನ್ನು ನೆಟ್ಟಗೆ ನಿಲ್ಲುವುದೆಂತು? ಅದು ಬಲಕ್ಕೆ ಬಾಗಿತು. ಭುಜವು ಅದನ್ನು ಸರಿದೂಗಿಸಲು ಎಡಕ್ಕೆ ತೂಗಿತು. ಕುತ್ತಿಗೆಯು ಇವೆರಡರ ನಡುವೆ ರಾಜಿ ಮಾಡಲು ಹೋಗಿ ತಾನೇ ಉಳುಕಿತು. ಎರಡು ತಿಂಗಳಾಗುವ ಹೊತ್ತಿಗೆ ನನ್ನ ದೂರುಗಳ ಪಟ್ಟಿಯಲ್ಲಿ ಸೊಂಟನೋವು, ಬಲಗಾಲಿನ ಸೆಳೆತ, ಹೆಗಲಿನ ಬಿಗಿ, ತಲೆಶೂಲೆ ಎಲ್ಲವೂ ಸೇರಿದ್ದುವು. ನೆಲಕ್ಕೆ ತಾಗಿದುದು ಒಂದು ಅಂಗುಲದ ಜಾಗ, ಲೆಕ್ಕ ಬರೆದುಕೊಂಡದ್ದು ಇಡೀ ಬೆನ್ನು. ಹಾಗೆಂದು ಬೆನ್ನಿನ ರೋಗಗಳನ್ನೆಲ್ಲ ಬಾಲದ ಮೂಳೆಯ ತಲೆಗೆ ಕಟ್ಟುವ ಕೆಲವರ ಮಾತನ್ನು ನಾನು ಒಪ್ಪಲಾರೆ. ಸೊಂಟದ ಕಶೇರುಗಳ ನಡುವಣ ಬಿಲ್ಲೆ ಜಾರಿದವನಿಗೂ ನೋವು ಕೆಳಕ್ಕಿಳಿದು ಬಾಲದ ಮೂಳೆಯಲ್ಲಿಯೇ ಇರುವಂತೆ ತೋರುವುದುಂಟು. ಅಪರೂಪಕ್ಕೆ ಅಲ್ಲಿ ಕೀವೋ ಗಂಟೋ ಬೆಳೆದಿರುವುದೂ ಉಂಟು. ರಾತ್ರಿ ಮಲಗಿದರೂ ಬಿಡದ ನೋವನ್ನೂ, ಜೊತೆಗೆ ಬರುವ ಜ್ವರವನ್ನೂ ಅಸಡ್ಡೆ ಮಾಡಬಾರದು. ಪರೀಕ್ಷಿಸದೆ ನಿರ್ಣಯಿಸುವುದು ಯಾರಿಗೂ ಸಲ್ಲದು.

ನನ್ನನ್ನು ನೋಡಲು ಬಂದವರಲ್ಲಿ ನನ್ನ ಸೋದರತ್ತೆಯೂ ಒಬ್ಬಳು. ಆಗ ಅವಳಿಗೆ ಅರುವತ್ತೆಂಟು ವರ್ಷ. ನಮ್ಮ ಬಳಗದಲ್ಲಿ ಅವಳ ಕೀರ್ತಿ ದೊಡ್ಡದು. 'ಅವಳು ಕೂತದ್ದನ್ನು ಕಂಡವರಿಲ್ಲ' ಎಂಬುದು ನಮ್ಮ ಹಿರಿಯರು ಹೊಸದಾಗಿ ಬಂದ ಸೊಸೆಯರಿಗೆ ಹೇಳುತ್ತಿದ್ದ ಮಾತು. ಮದುವೆಮನೆಗಳಲ್ಲಿ ಅವಳು ಪಂಕ್ತಿಯಲ್ಲಿ ಕುಳಿತುಣ್ಣುವುದಕ್ಕಿಂತ ಬಡಿಸುತ್ತಾ ಓಡಾಡುವುದೇ ಹೆಚ್ಚು. ಊರಿನಲ್ಲಿ ತಾಳಮದ್ದಳೆಯಾದರೆ ಹೆಂಗಸರೆಲ್ಲ ಚಾಪೆಯ ಮೇಲೆ ಕುಳಿತಿರುವಾಗ ಅವಳು ಕಂಬಕ್ಕೊರಗಿ ನಿಂತೇ ಕೇಳುವಳು. ಅಡಿಕೆ ಸುಲಿಯುವ ಕಾಲದಲ್ಲಿ ಮಾತ್ರ, ಉಳಿದವರೊಂದಿಗೆ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕುಳಿತಿರಲೇಬೇಕಾದಾಗ, ಗಳಿಗೆಗೊಮ್ಮೆ ಎದ್ದು ಒಲೆಯ ಕಡೆಗೆ ಹೋಗಿ ಬರುವಳು. ಎಲ್ಲರಿಗೂ ಕಾಫಿ ಕಾಯಿಸಿ ಕೊಡುವ ಅವಳ ಉಪಚಾರಬುದ್ಧಿಯನ್ನು ಎಲ್ಲರೂ ಕೊಂಡಾಡುವರು.

ಅಂದು ಅವಳು ನಾನು ಕುರ್ಚಿಯ ಅಂಚಿನಲ್ಲಿ ಓರೆಯಾಗಿ ಕುಳಿತಿರುವುದನ್ನೂ, ಬಂದವರನ್ನು ಬೀಳ್ಕೊಡಲು ಎರಡು ಕೈಗಳನ್ನೂ ಊರಿ ಏಳುವುದನ್ನೂ ನೋಡುತ್ತಿದ್ದಳು. ಉಳಿದವರು ಒಳಗೆ ಹೋದ ಮೇಲೆ ಮೆಲ್ಲನೆ, "ಏಳುವಾಗಲೇ ಹೆಚ್ಚು, ಅಲ್ಲವೇನೋ?" ಎಂದಳು. ನಾನು ಯಾರಿಗೂ ಹೇಳದಿದ್ದ ಮಾತು ಅದು. ನಿನಗೆ ಹೇಗೆ ಗೊತ್ತು ಎಂದೆ. ಅವಳು ಸೆರಗಿನ ತುದಿಯನ್ನು ಸುತ್ತುತ್ತಾ, ಎರಡನೆಯ ಹೆರಿಗೆಯಿಂದ, ಎಂದಳು. ಅದು 1974ರ ಮಾತು. ಮೂರು ದಿನ ಬೇನೆ ತಿಂದು, ಮನೆಯಲ್ಲಿಯೇ ಹೆತ್ತವಳು. ಬಾಣಂತಿತನದಲ್ಲಿ ಮಣೆಯ ಮೇಲೆ ಕುಳಿತು ನೀರು ಹಾಕಿಸಿಕೊಳ್ಳುವಾಗ ಮೊದಲ ಬಾರಿಗೆ ಆ ನೋವು ಕಾಣಿಸಿತು. ಬಾಣಂತಿಗೆ ಸೊಂಟ ನೋಯದೆ ಇರುತ್ತದೆಯೇ ಎಂದು ನೀರು ಹಾಕುವವಳು ಹೇಳಿದಳು. ಅದಾದ ಮೇಲೆ ಅವಳು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಯಾರಿಗೆ? ಗಂಡಸು ವೈದ್ಯರಿಗೇ? ಅತ್ತೆಮಾವಂದಿರಿಗೇ? ನಲವತ್ತೆರಡು ವರ್ಷಗಳ ಕಾಲ ಅವಳು ಕೂಡದೆ ಇದ್ದಳು, ಅಷ್ಟೆ. ಕೂಡದೆ ಇರಲು ಒಬ್ಬ ಗೃಹಿಣಿಗೆ ದೊರೆಯುವ ನೆಪ ಒಂದೇ: ಕೆಲಸ.

ಇದು ಅವಳೊಬ್ಬಳ ಕಥೆಯಲ್ಲವೆಂದು ಆಮೇಲೆ ತಿಳಿದೆ. ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಐದು ಪಟ್ಟು ಹೆಚ್ಚು. ಹೆಂಗಸರ ಕಟಿಯು ಅಗಲವಾಗಿರುವುದರಿಂದ ಅವರ ಬಾಲದ ಮೂಳೆ ಪೆಟ್ಟಿಗೆ ಹೆಚ್ಚು ತೆರೆದುಕೊಂಡಿರುವುದು; ಹೆರಿಗೆಯಲ್ಲಿ ಶಿಶುವಿನ ತಲೆ ಇಳಿಯುವಾಗ ಅದು ಹಿಂದಕ್ಕೆ ಒತ್ತಲ್ಪಡುವುದು, ಕೆಲವೊಮ್ಮೆ ಮುರಿಯುವುದೂ ಉಂಟು. ಈ ನೋವಿಗೆ ಇಂದಿನ ವೈದ್ಯಶಾಸ್ತ್ರದ ಹೆಸರನ್ನು 1859ರಲ್ಲಿ ಕೊಟ್ಟ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ನನು ಪ್ರಸೂತಿವೈದ್ಯನಾಗಿದ್ದುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. ಹೆರಿಗೆಯಲ್ಲಿ ಕ್ಲೋರೋಫಾರ್ಮಿನ ಪ್ರಯೋಗವನ್ನು ಮೊದಲು ಮಾಡಿದವನೂ ಇವನೇ. ಹೆಂಗಸರ ನೋವಿಗೆ ಕಿವಿಗೊಟ್ಟ ಒಬ್ಬನು ಎದುರಿಗೆ ಕುಳಿತಾಗ ಅವರು ಹೇಳಿದರು. ಹೇಳಿದುದಕ್ಕೆ ಹೆಸರು ಹುಟ್ಟಿತು. ನಮ್ಮ ಕಡೆಯಲ್ಲಿ ಬಾಣಂತಿಯ ಪಥ್ಯಕ್ಕೆ ನೂರು ನಿಯಮಗಳಿರುವುವು. ಎಣ್ಣೆಯೆಷ್ಟು, ಬಿಸಿನೀರೆಷ್ಟು, ಮೆಣಸಿನ ಸಾರೆಷ್ಟು ಎಂಬುದಕ್ಕೆಲ್ಲ ಅಳತೆಯುಂಟು. ಕುಳಿತರೆ ನೋಯುವುದೇ ಎಂದು ಕೇಳುವ ನಿಯಮವೊಂದು ಮಾತ್ರ ಇಲ್ಲ.

ಚಿಕಿತ್ಸೆಯ ವಿಷಯದಲ್ಲಿ ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಈ ಮೂಳೆಗೆ ಪಟ್ಟಿ ಕಟ್ಟಲು ಬರುವುದಿಲ್ಲ. ಅದು ತನ್ನಷ್ಟಕ್ಕೆ ಕೂಡಿಕೊಳ್ಳುವವರೆಗೆ ಅದರ ಮೇಲೆ ಕುಳಿತುಕೊಳ್ಳದಿರುವುದೇ ಪಟ್ಟಿ. ಜಜ್ಜಿದ ಪೆಟ್ಟಾದರೆ ಕೆಲವು ವಾರಗಳು, ಮುರಿದಿದ್ದರೆ ಎರಡು ಮೂರು ತಿಂಗಳು ಹಿಡಿಯುವುದು. ಹಿಂಬದಿಯಲ್ಲಿ ಕಚ್ಚು ಕತ್ತರಿಸಿದ ದಿಂಬಿನ ಮೇಲೆ, ತುಸು ಮುಂದಕ್ಕೆ ಬಾಗಿ ಕುಳಿತರೆ ಮೂಳೆಯು ಗಾಳಿಯಲ್ಲಿ ತೂಗುವುದು, ಭಾರವು ಎರಡು ಪೃಷ್ಠಗಳ ಮೇಲೆ ಬೀಳುವುದು. ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು ಮದ್ದಿನಷ್ಟೇ ಮುಖ್ಯ. ಬಿಗಿದುಕೊಂಡ ಒಳಸ್ನಾಯುಗಳನ್ನು ಸಡಿಲಿಸಲು ಕಲಿಸುವ ವ್ಯಾಯಾಮತಜ್ಞರಿದ್ದಾರೆ. ಹತ್ತರಲ್ಲಿ ಒಂಬತ್ತು ಮಂದಿಗೆ ಇಷ್ಟರಿಂದಲೇ ಗುಣವಾಗುವುದಂತೆ, ನನಗೂ ಆಯಿತು. ಗುಣವಾಗದವರಿಗೆ ಸೂಜಿಮದ್ದು ಉಂಟು. ಕಟ್ಟಕಡೆಗೆ ಮೂಳೆಯನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆಯೂ ಉಂಟು. ಆದರೆ ಆ ಗಾಯವು ಮಲದ್ವಾರಕ್ಕೆ ಸಮೀಪವಾಗಿರುವುದರಿಂದ ಕೀವಾಗುವ ಭಯವಿದ್ದು, ವೈದ್ಯರು ಸುಲಭವಾಗಿ ಅದಕ್ಕೆ ಕೈಹಾಕುವುದಿಲ್ಲ.

ಸೋದರತ್ತೆಯನ್ನು ವೈದ್ಯರ ಬಳಿಗೆ ಹೊರಡಿಸಲು ಮತ್ತೆ ಐದು ತಿಂಗಳು ಬೇಕಾದುವು. ಇಷ್ಟು ವರ್ಷ ಆಯಿತು, ಇನ್ನೇನು ಎಂಬುದು ಅವಳ ವಾದ. ಕೊನೆಗೆ ಅವಳ ಮೊಮ್ಮಗಳೇ, ಕಾಲೇಜಿನಲ್ಲಿ ಓದುವ ಹುಡುಗಿ, ಹಟ ಹಿಡಿದು ಹೊರಡಿಸಿದಳು. ಅಲ್ಲಿ ಅವಳಿಗೆ ಎರಡು ಕ್ಷಕಿರಣಚಿತ್ರಗಳನ್ನು ತೆಗೆದರು: ಒಂದು ನಿಂತು, ಒಂದು ಕುಳಿತು. ನಿಂತದ್ದರಲ್ಲಿ ಮೂಳೆಗೆ ಯಾವ ದೋಷವೂ ಇರಲಿಲ್ಲ. ಕುಳಿತದ್ದರಲ್ಲಿ ಅದು ತನ್ನ ಸ್ಥಾನದಿಂದ ಹಿಂದಕ್ಕೆ ಜಾರಿ ನಿಂತಿತ್ತು. ಕುಳಿತಾಗ ಮಾತ್ರ ಕಾಣುವ ದೋಷವನ್ನು ನಿಲ್ಲಿಸಿ ಹುಡುಕಿದರೆ ಸಿಕ್ಕುವುದಿಲ್ಲವೆಂಬುದನ್ನು ಫ್ರಾನ್ಸಿನ ಮೇನ್ಯೆ ಎಂಬ ವೈದ್ಯರು 1990ರ ದಶಕದಲ್ಲಿ ತೋರಿಸಿಕೊಟ್ಟರಂತೆ. ಆ ಚಿತ್ರವನ್ನು ಬೆಳಕಿಗೆ ಹಿಡಿದು ವೈದ್ಯೆಯು ವಿವರಿಸುತ್ತಿದ್ದಾಗ ಸೋದರತ್ತೆಯು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, "ಹಾಗಾದರೆ ಇದು ಇದ್ದದ್ದು ನಿಜ" ಎಂದಳೆಂದು ಮೊಮ್ಮಗಳು ನನಗೆ ಹೇಳಿದಳು.

ಎರಡು ಸೂಜಿಮದ್ದುಗಳಾದುವು, ದಿಂಬೂ ಬಂದಿತು. ನೋವು ಪೂರ್ಣವಾಗಿ ಹೋಗಲಿಲ್ಲ, ಅರ್ಧಕ್ಕೆ ಇಳಿಯಿತೆಂದು ಅವಳ ಹೇಳಿಕೆ. ಮರುವರ್ಷದ ಸುಗ್ಗಿಯಲ್ಲಿ ನಾನು ಅವರ ಮನೆಗೆ ಹೋದಾಗ ಅಡಿಕೆ ಸುಲಿಯುತ್ತಿದ್ದರು. ಅವಳು ದಿಂಬಿನ ಮೇಲೆ ಕುಳಿತಿದ್ದಳು, ಮೆಟ್ಟುಗತ್ತಿಯ ಮುಂದೆ, ಎಲ್ಲರ ಸಾಲಿನಲ್ಲಿ. ಹತ್ತು ಗಂಟೆಯ ಸುಮಾರಿಗೆ ಯಾರೋ ಅಭ್ಯಾಸಬಲದಿಂದ, ಕಾಫಿ ಇನ್ನೂ ಬರಲಿಲ್ಲವಲ್ಲ, ಎಂದರು. ಅವಳು ತಲೆಯೆತ್ತದೆ, ಮುಂದಿನ ಅಡಿಕೆಯನ್ನು ಕತ್ತಿಗೆ ಹಚ್ಚುತ್ತಾ, ಯಾರಾದರೂ ಗಂಡಸರು ಎದ್ದು ಹಾಲಿಡಿ ಎಂದಳು. ನಾನೇ ಎದ್ದು ಹೋದೆ.